ಹೊರಗೆ ತಿರುಗುವ ಬೆಕ್ಕಿಗೂ ಮನೆಯೊಳಗೊಂದು ಮರಳಿನ ತಟ್ಟೆ ಬೇಕೆ?

ಆಷಾಢದ ಒಂದು ಬೆಳಿಗ್ಗೆ ನಮ್ಮ ಮನೆಯ ಬೆಕ್ಕು ಚುಕ್ಕಿ ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ ಕುಳಿತು, ಹೆಂಚಿನ ಸೂರಿನಿಂದ ಹಗ್ಗದಂತೆ ಇಳಿಯುತ್ತಿದ್ದ ನೀರನ್ನು ಬಹಳ ಹೊತ್ತು ನೋಡುತ್ತಿತ್ತು. ಒಮ್ಮೆ ಮುಂಗಾಲನ್ನು ಅಂಗಳದ ಕೆಸರಿಗೆ ಇಟ್ಟಿತು. ಕೂಡಲೇ ಎತ್ತಿ, ಕೊಡವಿ, ಈ ಮಳೆಗೆ ನಾವೇ ಹೊಣೆ ಎಂಬಂತೆ ಒಮ್ಮೆ ತಿರುಗಿ ನೋಡಿ ಒಳಗೆ ಹೋಯಿತು. ಮಧ್ಯಾಹ್ನ ಸ್ನಾನಕ್ಕೆ ನೀರು ಕಾಯಿಸಲು ಹೋದಾಗ ಬಚ್ಚಲ ಒಲೆಯಿಂದ ಬಂದ ವಾಸನೆ ಉಳಿದ ಕಥೆಯನ್ನು ಹೇಳಿತು. ಹಿಂದಿನ ದಿನದ ಬೂದಿ ಇನ್ನೂ ಬೆಚ್ಚಗಿತ್ತು, ನುಣ್ಣಗಿತ್ತು, ಕೆರೆಯಲು ಹಗುರವಾಗಿತ್ತು. ಬೆಕ್ಕು ಅಲ್ಲಿಯೇ ತನ್ನ ಕೆಲಸ ಮುಗಿಸಿ, ಅಚ್ಚುಕಟ್ಟಾಗಿ ಮುಚ್ಚಿ ಹೋಗಿತ್ತು. ಬೇಸಿಗೆಯಿಡೀ ಅಡಕೆ ತೋಟದ ಮಣ್ಣನ್ನೇ ಬಳಸುತ್ತಿದ್ದ, ಮನೆಯೊಳಗೆ ಒಂದು ದಿನವೂ ಗಲೀಜು ಮಾಡದ ಬೆಕ್ಕು ಅದು.

ಪೇಟೆಯ ಅಂಗಡಿಗಳಲ್ಲಿ ಲಿಟರ್ ಟ್ರೇ ಎಂದು ಮಾರುವ, ನಮ್ಮ ಮನೆಯಲ್ಲಿ ಮರಳಿನ ತಟ್ಟೆ ಎಂದು ಕರೆಯುವ, ಬೆಕ್ಕು ಮಲಮೂತ್ರ ಮಾಡಲೆಂದು ಮರಳು ತುಂಬಿಡುವ ವಸ್ತು, ಮನೆಯಿಂದ ಹೊರಗೆ ಕಾಲಿಡದ ಬೆಕ್ಕುಗಳಿಗೆ ಮಾತ್ರ ಬೇಕಾದದ್ದು ಎಂದು ಬಹಳ ಜನ ತಿಳಿದಿದ್ದಾರೆ. ಬಾಗಿಲು ತೆರೆದರೆ ತೋಟ, ಗದ್ದೆಯ ಬದು, ಪಕ್ಕದ ಸೈಟಿನ ಮರಳ ರಾಶಿ ಇರುವಾಗ ಬೆಕ್ಕಿಗೆ ದುಡ್ಡು ಕೊಟ್ಟು ಮಣ್ಣು ತರುವುದು ಹಾಸ್ಯಾಸ್ಪದವಾಗಿಯೂ ಕಾಣುತ್ತದೆ. ನಾನೂ ಬಹುಕಾಲ ಹಾಗೆಯೇ ಅಂದುಕೊಂಡಿದ್ದೆ. ಮೂರು ಬೆಕ್ಕುಗಳನ್ನು ಸಾಕಿ, ಅವುಗಳಲ್ಲಿ ಒಂದನ್ನು ಸಾವಿನ ಬಾಯಿಯಿಂದ ಹಿಂದಕ್ಕೆ ತಂದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ: ರಾತ್ರಿ ಮನೆಯೊಳಗೆ ಮಲಗುವ ಬೆಕ್ಕಿಗೆ, ಅದು ಹಗಲೆಲ್ಲ ಎಲ್ಲಿಯೇ ತಿರುಗಲಿ, ಮನೆಯೊಳಗೊಂದು ಮರಳಿನ ತಟ್ಟೆ ಇರಬೇಕು. ನೆಲ ಸ್ವಚ್ಛವಾಗಿರುವುದು ಅದರ ಸಣ್ಣ ಲಾಭ. ಬೆಕ್ಕಿನ ಒಡಲೊಳಗೆ ಏನು ನಡೆಯುತ್ತಿದೆ ಎಂಬುದನ್ನು ಮನೆಯವರು ದಿನವೂ ಕಾಣಲು ಇರುವ ಸುಲಭದ ದಾರಿ ಆ ತಟ್ಟೆಯೇ ಆಗಿದೆ ಎಂಬುದು ದೊಡ್ಡ ಲಾಭ.

ಬೆಕ್ಕು ತನ್ನ ಮಲಮೂತ್ರವನ್ನು ಮುಚ್ಚುವುದು ನಾವು ಕಲಿಸಿದ ಸಂಸ್ಕಾರವಲ್ಲ. ಇಂದಿನ ಸಾಕುಬೆಕ್ಕುಗಳ ಮೂಲ ಆಫ್ರಿಕಾದ ಮತ್ತು ಪಶ್ಚಿಮ ಏಷ್ಯಾದ ಒಣನಾಡುಗಳಲ್ಲಿ ಬಾಳುವ ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನೊಬ್ಬನ ಪಕ್ಕದಲ್ಲಿ ಹೂಳಲಾಗಿದ್ದ ಬೆಕ್ಕಿನ ಅಸ್ಥಿಪಂಜರ ಸುಮಾರು 9500 ವರ್ಷ ಹಳೆಯದೆಂದು 2004ರಲ್ಲಿ ಪ್ರಕಟವಾಯಿತು. ಅಂದರೆ ಧಾನ್ಯದ ಕಣಜ, ಕಣಜಕ್ಕೆ ಇಲಿ, ಇಲಿಗೆ ಬೆಕ್ಕು ಎಂಬ ಸರಪಳಿ ಅಷ್ಟು ಹಳೆಯದು. ಮರಳುನೆಲದಿಂದ ಬಂದ ಈ ಪ್ರಾಣಿಗೆ ಎರಡು ಗುಣಗಳು ಹುಟ್ಟಿನಿಂದಲೇ ಬಂದಿವೆ. ಒಂದು, ಕಡಿಮೆ ನೀರು ಕುಡಿದು ಬಹಳ ಗಟ್ಟಿಯಾದ ಮೂತ್ರ ಮಾಡುವ ಮೂತ್ರಪಿಂಡಗಳು. ಇನ್ನೊಂದು, ಒಣಗಿದ, ಸಡಿಲವಾದ, ನುಣುಪಾದ ನೆಲವನ್ನು ಹುಡುಕಿ ಕೆರೆದು, ಕೆಲಸ ಮುಗಿಸಿ, ಮೂಸಿ ನೋಡಿ, ಮುಚ್ಚುವ ಅಭ್ಯಾಸ. ಹುಟ್ಟಿದ ಮೊದಲ ಎರಡು ಮೂರು ವಾರ ತಾಯಿ ನೆಕ್ಕದೆ ಮರಿಗೆ ಉಚ್ಚೆ ಹೊಯ್ಯಲೂ ಬಾರದು. ಒಂದು ತಿಂಗಳಾಗುವಷ್ಟರಲ್ಲಿ ಅದೇ ಮರಿ ಸಡಿಲ ಮಣ್ಣು ಕಂಡರೆ ಯಾರೂ ಹೇಳದೆ ಕೆರೆಯತೊಡಗುತ್ತದೆ. ಆ ವಯಸ್ಸಿನಲ್ಲಿ ಪಾದಕ್ಕೆ ಯಾವ ನೆಲದ ರೂಢಿಯಾಗುತ್ತದೆಯೋ ಮುಂದೆ ಅದೇ ನೆಲವನ್ನು ಅದು ಹುಡುಕುತ್ತದೆ. ತೋಟದಲ್ಲೇ ಬೆಳೆದ ಬೆಕ್ಕು ಅಂಗಡಿಯ ಸುವಾಸನೆಯ ಹರಳುಗಳನ್ನು ಕಂಡು ಮೂಗು ಮುರಿಯುವುದಕ್ಕೂ ಇದೇ ಕಾರಣ.

ಒಣನೆಲದ ಈ ಜೀವಿಯನ್ನು ನಾವು ತಂದು ಕೂರಿಸಿರುವುದು ತೀರ್ಥಹಳ್ಳಿ ಸೀಮೆಯಂಥ ಜಾಗದಲ್ಲಿ. ನಮ್ಮ ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಆ ನಾಲ್ಕು ತಿಂಗಳು ತೋಟದಲ್ಲಿ ಬೆಕ್ಕಿಗೆ ಬೇಕಾದಂಥ ನೆಲ ಒಂದು ಅಂಗೈಯಗಲವೂ ಸಿಗುವುದಿಲ್ಲ. ಆಗ ಅದು ಮೂರರಲ್ಲಿ ಒಂದನ್ನು ಮಾಡುತ್ತದೆ: ಮನೆಯೊಳಗೆ ಒಣಗಿದ ಜಾಗ ಹುಡುಕುತ್ತದೆ, ಇಲ್ಲವೇ ಒದ್ದೆಯಲ್ಲೇ ಹೋಗಿ ಬರುತ್ತದೆ, ಇಲ್ಲವೇ ತಡೆದುಕೊಳ್ಳುತ್ತದೆ. ಮೊದಲನೆಯದು ನಮಗೆ ತೊಂದರೆ. ಅಡಕೆ ಗೋಣಿ, ಕಂಬಳಿಯ ಮಡಿಕೆ, ಬಚ್ಚಲ ಒಲೆ ಎಲ್ಲವೂ ಅದರ ಕಣ್ಣಿಗೆ ಒಂದೇ. ಮೂರನೆಯದು ಬೆಕ್ಕಿಗೇ ಅಪಾಯ. ನಮ್ಮ ಗಮನಕ್ಕೆ ಬರುವುದು ಮೊದಲನೆಯದು ಮಾತ್ರ, ಬೈಗುಳವೂ ಅದಕ್ಕೇ ಸಲ್ಲುತ್ತದೆ.

ಬೆಂಗಳೂರಿನಂಥ ಊರಿನಲ್ಲಿ ಮಳೆಯ ಬದಲು ಸಿಮೆಂಟು ಇದೇ ಕೆಲಸ ಮಾಡುತ್ತದೆ. ನೆಲಮಾಳಿಗೆಯ ಕಾರು ನಿಲ್ದಾಣ, ಇಂಟರ್‌ಲಾಕ್ ಕಲ್ಲು ಹಾಸಿದ ಅಂಗಳ, ಡಾಂಬರು ರಸ್ತೆ, ಇವುಗಳ ನಡುವೆ ಬೆಕ್ಕು ‘ಹೊರಗೆ’ ಹೋಗಿ ಬಂತು ಎಂದರೆ ಅದಕ್ಕೆ ಮಣ್ಣು ಸಿಕ್ಕಿತು ಎಂದು ಅರ್ಥವಲ್ಲ. ಸಿಕ್ಕುವುದು ಪಕ್ಕದ ಮನೆಯವರ ಗುಲಾಬಿ ಕುಂಡ, ಕಟ್ಟುತ್ತಿರುವ ಮನೆಯ ಮುಂದಿನ ಎಂ-ಸ್ಯಾಂಡ್ ರಾಶಿ, ಅಥವಾ ಮಕ್ಕಳ ಜಾರುಬಂಡೆಯ ಕೆಳಗಿನ ಮರಳು. ವಸತಿ ಸಮುಚ್ಚಯಗಳಲ್ಲಿ ಬೆಕ್ಕು ಸಾಕುವವರಿಗೂ ಸಾಕದವರಿಗೂ ನಡುವೆ ಏಳುವ ಜಗಳಗಳಲ್ಲಿ ಅರ್ಧದಷ್ಟು ಕುಂಡದ ಮಣ್ಣಿನಿಂದಲೇ ಏಳುತ್ತವೆ ಎಂದರೆ ಅತಿಶಯೋಕ್ತಿಯಾಗಲಾರದು. ಬೆಕ್ಕು ಅಲ್ಲಿ ನಾಯಿಗಳಿಗೂ ಹೆದರುತ್ತದೆ. ಬೀದಿನಾಯಿಗಳ ಗುಂಪು ಮಲಗುವ ತಾಣ ದಾರಿಯಲ್ಲಿದ್ದರೆ, ಅಥವಾ ಬಲಿಷ್ಠ ಗಂಡುಕೊತ್ತಿಯೊಂದು ಆ ಜಾಗ ತನ್ನದೆಂದು ಸಾಧಿಸುತ್ತಿದ್ದರೆ, ಪುಕ್ಕಲು ಬೆಕ್ಕು ಗಂಟೆಗಟ್ಟಲೆ ತಡೆದುಕೊಂಡೇ ಇರುತ್ತದೆ. ಕೆರೆದು, ಕೂತು, ಮುಚ್ಚುವ ಆ ಒಂದೆರಡು ನಿಮಿಷಗಳಲ್ಲಿ ಬೆಕ್ಕು ಓಡಲಾರದು, ಕಾದಾಡಲಾರದು. ಅದು ಆ ಜಾಗವನ್ನು ಎಷ್ಟು ಎಚ್ಚರದಿಂದ ಆರಿಸುತ್ತದೆ ಎಂಬುದನ್ನು ಗಮನಿಸಿದವರಿಗೆ ಈ ಭಯ ಅರ್ಥವಾಗುತ್ತದೆ.

ಬೆಕ್ಕು ಮೂತ್ರವನ್ನು ತಡೆದುಕೊಂಡರೆ ಏನಾಗುತ್ತದೆ ಎಂಬುದನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ವಿಷಯದ ತಿರುಳು ಅಲ್ಲಿದೆ. ಆರೋಗ್ಯವಾಗಿರುವ ಬೆಕ್ಕು ದಿನಕ್ಕೆ 2ರಿಂದ 4 ಬಾರಿ ಮೂತ್ರ ಮಾಡುತ್ತದೆ. ಅದರ ಮೂತ್ರ ಮೊದಲೇ ಗಟ್ಟಿ. ಒಣ ಕಾಳಿನಂಥ ಆಹಾರ ತಿಂದು ಕಡಿಮೆ ನೀರು ಕುಡಿಯುವ ಬೆಕ್ಕಿನದು ಇನ್ನೂ ಗಟ್ಟಿ. ಅಂಥ ಮೂತ್ರ ಚೀಲದಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಅದರಲ್ಲಿನ ಲವಣಗಳು ಹರಳುಗಟ್ಟುವ ಸಂಭವ ಹೆಚ್ಚು. ಜೊತೆಗೆ, ಹೊಸ ಬೆಕ್ಕಿನ ಆಗಮನ, ಮನೆ ಬದಲಾವಣೆ, ದೀಪಾವಳಿಯ ಪಟಾಕಿ ಇಂಥ ಒತ್ತಡಗಳಿಂದಲೇ ಮೂತ್ರಚೀಲದ ಒಳಪದರ ಊದಿಕೊಳ್ಳುವ ಕಾಯಿಲೆಯೂ ಬೆಕ್ಕುಗಳಲ್ಲಿ ಸಾಮಾನ್ಯ. ಹೆಣ್ಣು ಬೆಕ್ಕಿನಲ್ಲಿ ಇದು ಪದೇಪದೇ ಹನಿಹನಿಯಾಗಿ ಹೋಗುವುದು, ರಕ್ತ ಕಾಣುವುದು ಇಷ್ಟರಲ್ಲಿ ನಿಲ್ಲಬಹುದು. ಗಂಡು ಬೆಕ್ಕಿನ ಮೂತ್ರನಾಳ ಉದ್ದ, ತುದಿಯಲ್ಲಿ ಬಹಳ ಕಿರಿದು. ಹರಳು, ಲೋಳೆ, ಉದುರಿದ ಜೀವಕೋಶಗಳು ಸೇರಿ ಅಲ್ಲಿ ಬಿರಡೆಯಂತೆ ಕೂತರೆ ಮೂತ್ರ ಪೂರ್ತಿ ನಿಂತುಹೋಗುತ್ತದೆ. ನಿಂತ ಮೇಲೆ ದೇಹದಿಂದ ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನು ಕೆಡಿಸುತ್ತದೆ; ಚಿಕಿತ್ಸೆ ಇಲ್ಲದಿದ್ದರೆ ಬೆಕ್ಕು ಎರಡು ಮೂರು ದಿನಗಳಲ್ಲಿ ಸಾಯುತ್ತದೆ.

ನಮ್ಮ ಕರಿಯನಿಗೆ ಆದದ್ದು ಇದೇ. ಬೀಜ ತೆಗೆಸಿದ್ದ, ಐದು ವರ್ಷದ, ದಷ್ಟಪುಷ್ಟ ಗಂಡು ಬೆಕ್ಕು. ಅದರ ಶೌಚದ ವಿಚಾರ ನಮಗೆ ಏನೂ ತಿಳಿದಿರಲಿಲ್ಲ, ಏಕೆಂದರೆ ಅದು ತೋಟಕ್ಕೆ ಹೋಗುತ್ತಿತ್ತು, ತೋಟದಿಂದ ಬರುತ್ತಿತ್ತು. ಒಂದು ಸಂಜೆ ಅದು ತುಳಸಿಕಟ್ಟೆಯ ಪಕ್ಕದಲ್ಲಿ ಬೆನ್ನು ಬಾಗಿಸಿ ಕೂತು ತಿಣುಕುತ್ತಿದ್ದುದನ್ನು ಮನೆಯವರು ಕಂಡರು. ಮಲಬದ್ಧತೆ ಎಂದು ನಾವೇ ತೀರ್ಮಾನಿಸಿ ಒಂದು ಚಮಚ ತುಪ್ಪ ಕೊಟ್ಟೆವು. ಮರುದಿನ ಬೆಳಿಗ್ಗೆ ಅದು ಅನ್ನ ಮೀನು ಮುಟ್ಟಲಿಲ್ಲ, ಎರಡು ಸಲ ಬಿಳಿ ನೊರೆ ವಾಂತಿ ಮಾಡಿತು, ಎತ್ತಿಕೊಳ್ಳಲು ಹೋದರೆ ಕೂಗಿತು. ಹೊಟ್ಟೆಯ ಕೆಳಭಾಗ ಮುಟ್ಟಿದ ಪಶುವೈದ್ಯರು ಅದು ನಿಂಬೆಹಣ್ಣಿಗಿಂತ ದೊಡ್ಡದಾದ, ಕಲ್ಲಿನಂಥ ಮೂತ್ರಚೀಲ ಎಂದರು. ಅರಿವಳಿಕೆ ಕೊಟ್ಟು ಸಣ್ಣ ನಳಿಕೆ ಹಾಕಿ ತೆಗೆದ ಮೂತ್ರ ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣದಲ್ಲಿತ್ತು. ‘ಕೊನೆಯ ಸಲ ಸರಿಯಾಗಿ ಮೂತ್ರ ಮಾಡಿದ್ದು ಯಾವಾಗ?’ ಎಂದು ಅವರು ಕೇಳಿದಾಗ ಉತ್ತರ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ಬೆಕ್ಕು ಉಳಿಯಿತು. ಆದರೆ ನಳಿಕೆ ತೆಗೆದ ಮೇಲೆ ಎರಡು ವಾರ ಒಳಗೇ ಇರಿಸಿ ಪ್ರತಿ ಸಲದ ಮೂತ್ರವನ್ನೂ ಗಮನಿಸಿ ಎಂದು ಹೇಳಿ ಕಳಿಸಿದಾಗ, ಜೀವನದಲ್ಲಿ ಒಮ್ಮೆಯೂ ತಟ್ಟೆ ಕಾಣದ ಬೆಕ್ಕಿಗೆ, ಅದೂ ನೋವಿನಲ್ಲಿ ಇರುವಾಗ, ತಟ್ಟೆಯ ಪಾಠ ಹೇಳಿಕೊಡಬೇಕಾಯಿತು. ಆ ಎರಡು ವಾರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ಮರಳಿನ ತಟ್ಟೆ ಇರುವ ಮನೆಯಲ್ಲಿ ಈ ಕಾಯಿಲೆ ಬರುವುದೇ ಇಲ್ಲ ಎಂದಲ್ಲ. ಅಲ್ಲಿ ಅದು ಒಂದು ದಿನ ಮೊದಲೇ ಕಣ್ಣಿಗೆ ಬೀಳುತ್ತದೆ. ಮೂತ್ರ ಬಿದ್ದು ಉಂಡೆಗಟ್ಟಿದ ಮರಳನ್ನು ಬೆಳಿಗ್ಗೆ ಸೌಟಿನಿಂದ ತೆಗೆಯುವವರಿಗೆ ಇವತ್ತು ಉಂಡೆಯೇ ಇಲ್ಲ ಎಂಬುದು, ಇಲ್ಲವೇ ನೆಲ್ಲಿಕಾಯಿ ಗಾತ್ರದ ಏಳೆಂಟು ಸಣ್ಣ ಉಂಡೆಗಳಿವೆ ಎಂಬುದು ಕೂಡಲೇ ತಿಳಿಯುತ್ತದೆ. ಇದಕ್ಕೆ ತದ್ವಿರುದ್ಧವಾದ ಸೂಚನೆಯೂ ಇದೆ. ಹತ್ತು ವರ್ಷ ದಾಟಿದ ಬೆಕ್ಕುಗಳಿಗೆ ಮೂತ್ರಪಿಂಡದ ಕಾಯಿಲೆ ಬಹಳ ಸಾಮಾನ್ಯ, ಸಕ್ಕರೆ ಕಾಯಿಲೆಯೂ ಬರುತ್ತದೆ. ಎರಡರಲ್ಲೂ ಬೆಕ್ಕು ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುತ್ತದೆ. ಮೂತ್ರಪಿಂಡದ ಸಾಮರ್ಥ್ಯ ಬಹುಪಾಲು ಕುಂದುವವರೆಗೆ ಬೆಕ್ಕು ಹೊರನೋಟಕ್ಕೆ ಚೆನ್ನಾಗಿಯೇ ಕಾಣುವುದರಿಂದ, ಉಂಡೆಯ ಗಾತ್ರ ತಿಂಗಳಿಂದ ತಿಂಗಳಿಗೆ ದೊಡ್ಡದಾಗುತ್ತಿರುವುದೇ ಮೊದಲ ಎಚ್ಚರಿಕೆಯಾಗುತ್ತದೆ. ಭೇದಿ, ಮಲದಲ್ಲಿ ಅಕ್ಕಿಕಾಳಿನಂಥ ಹುಳದ ತುಣುಕು, ಮೂರು ದಿನಕ್ಕೊಮ್ಮೆ ಬರುವ ಒಣಗಿದ ಮಲ, ಇವೆಲ್ಲ ತೋಟದ ಮಣ್ಣಿನಡಿ ಹೂತುಹೋಗುವ ಸಂಗತಿಗಳು. ಬೆಕ್ಕು ನೋವನ್ನು ಬಾಯಿಬಿಟ್ಟು ಹೇಳುವ ಪ್ರಾಣಿಯಲ್ಲ. ಕಾಯಿಲೆ ಬಿದ್ದರೆ ಅಟ್ಟದ ಮೂಲೆ ಸೇರುತ್ತದೆ. ಅದನ್ನು ಸಾಕುವವರು ಅದರ ಮಾತಿಗಿಂತ ಅದರ ತಟ್ಟೆಯನ್ನು ನಂಬಬೇಕಾಗುತ್ತದೆ.

ರಾತ್ರಿಯ ವಿಚಾರ ಇನ್ನೊಂದು. ಮಲೆನಾಡಿನಲ್ಲಿ ಕತ್ತಲಾದ ಮೇಲೆ ತೋಟ ಬೆಕ್ಕಿಗೆ ಸೇರಿದ್ದಲ್ಲ. ಚಿರತೆ ನಾಯಿಯನ್ನು ಮಾತ್ರ ಹಿಡಿಯುತ್ತದೆ ಎಂದುಕೊಂಡವರು ಬೆಕ್ಕು ಕಳೆದುಕೊಂಡ ಮೇಲೆ ತಿದ್ದಿಕೊಳ್ಳುತ್ತಾರೆ; ಕೊಳಕುಮಂಡಲ ಓಡಾಡುವುದೂ ರಾತ್ರಿಯೇ. ಊರುಗಳಲ್ಲಿ ಬೀದಿನಾಯಿ, ವಾಹನ. ಸಂಜೆ ಊಟ ಹಾಕಿ ಒಳಗೆ ಕರೆದು ಬಾಗಿಲು ಹಾಕಿಕೊಂಡರೆ ಬೆಕ್ಕಿನ ಆಯುಸ್ಸು ಹೆಚ್ಚುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಬಾಗಿಲು ಹಾಕಿ, ಒಳಗೆ ತಟ್ಟೆ ಇಡದಿದ್ದರೆ ಅದು ಅನ್ಯಾಯ. ಒಂಬತ್ತು ಗಂಟೆ ತಡೆದುಕೊಂಡ ಬೆಕ್ಕು ಬೆಳಗಿನ ಜಾವ ನಾಲ್ಕಕ್ಕೆ ಮುಖದ ಮೇಲೆ ಕಾಲಿಟ್ಟು ಎಬ್ಬಿಸಿದರೆ ತಪ್ಪು ಅದರದಲ್ಲ.

ಇನ್ನು ಮನುಷ್ಯರ ಆರೋಗ್ಯದ ಪ್ರಶ್ನೆ. ಮನೆಯಲ್ಲಿ ಬಸುರಿ ಇದ್ದಾಳೆ, ಬೆಕ್ಕನ್ನು ಬಿಟ್ಟುಬನ್ನಿ ಎಂದು ಹಿರಿಯರು ಹೇಳುವುದನ್ನು ಎಲ್ಲರೂ ಕೇಳಿರುತ್ತೇವೆ. ಇದರ ಹಿಂದಿರುವುದು ಟಾಕ್ಸೊಪ್ಲಾಸ್ಮಾ ಗೊಂಡಿ ಎಂಬ ಏಕಕೋಶ ಪರಾವಲಂಬಿ. 1908ರಲ್ಲಿ ಉತ್ತರ ಆಫ್ರಿಕಾದ ಗೊಂಡಿ ಎಂಬ ದಂಶಕದಲ್ಲಿ ಇದನ್ನು ಗುರುತಿಸಲಾಯಿತು. ಇದರ ಜೀವನಚಕ್ರ ಪೂರ್ಣಗೊಳ್ಳುವುದು ಬೆಕ್ಕಿನ ಕುಲದ ಪ್ರಾಣಿಗಳ ಕರುಳಿನಲ್ಲಿ ಮಾತ್ರ ಎಂಬುದು ತಿಳಿಯಲು 1970ರ ಸುಮಾರಿನವರೆಗೆ ಕಾಯಬೇಕಾಯಿತು. ಬೆಕ್ಕಿಗೆ ಇದು ಬರುವುದು ಸೋಂಕು ತಗಲಿದ ಇಲಿ, ಹಕ್ಕಿ ಅಥವಾ ಹಸಿ ಮಾಂಸ ತಿಂದಾಗ. ಸೋಂಕಾದ ಬೆಕ್ಕು ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ, ಒಂದರಿಂದ ಮೂರು ವಾರಗಳ ಕಾಲ, ಮಲದಲ್ಲಿ ಲಕ್ಷಾಂತರ ಸೂಕ್ಷ್ಮ ಮೊಟ್ಟೆಗಳಂಥ ಕೋಶಗಳನ್ನು ಹೊರಹಾಕುತ್ತದೆ. ಹೊರಬಂದ ಕೂಡಲೇ ಅವು ಸೋಂಕು ಹರಡಲಾರವು. ಅದಕ್ಕೆ 1ರಿಂದ 5 ದಿನ ಬೇಕು. ಆದರೆ ಒಮ್ಮೆ ಬಲಿತ ಮೇಲೆ ತೇವದ ಮಣ್ಣಿನಲ್ಲಿ ವರ್ಷಕ್ಕೂ ಮೀರಿ ಬದುಕಿರಬಲ್ಲವು.

ಈ ಎರಡು ಅವಧಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಜನರ ನಂಬಿಕೆ ತಲೆಕೆಳಗಾಗುತ್ತದೆ. ದಿನಕ್ಕೊಮ್ಮೆ ಸ್ವಚ್ಛ ಮಾಡುವ ತಟ್ಟೆಯಲ್ಲಿನ ಮಲ, ಅಪಾಯಕಾರಿಯಾಗುವ ಮೊದಲೇ ಮನೆಯಿಂದ ಹೊರಹೋಗುತ್ತದೆ. ಸೊಪ್ಪಿನ ಮಡಿಯಲ್ಲಿ, ಮರಳ ರಾಶಿಯಲ್ಲಿ ಹೂತ ಮಲ ಅಲ್ಲಿಯೇ ಬಲಿತು, ಬರಿಗೈಯಲ್ಲಿ ಕಳೆ ಕೀಳುವವರಿಗೆ, ಸರಿಯಾಗಿ ತೊಳೆಯದ ಕೊತ್ತಂಬರಿ ಸೊಪ್ಪು ತಿನ್ನುವವರಿಗೆ ಕಾದಿರುತ್ತದೆ. ಬಸುರಿಗೆ ಮೊದಲ ಬಾರಿಗೆ ಸೋಂಕು ತಗಲಿದರೆ ಹೊಟ್ಟೆಯೊಳಗಿನ ಶಿಶುವಿನ ಮಿದುಳಿಗೂ ಕಣ್ಣಿಗೂ ಹಾನಿಯಾಗಬಹುದು ಎಂಬುದು ನಿಜ. ಆದ್ದರಿಂದ ಆಕೆ ತಟ್ಟೆಯ ಕೆಲಸವನ್ನು ಬೇರೆಯವರಿಗೆ ಬಿಡಬೇಕು, ಕೈತೋಟದ ಕೆಲಸಕ್ಕೆ ಕೈಗವಸು ಹಾಕಬೇಕು, ಸೊಪ್ಪು ತರಕಾರಿ ಚೆನ್ನಾಗಿ ತೊಳೆಯಬೇಕು, ಮಾಂಸ ಪೂರ್ತಿ ಬೇಯಿಸಬೇಕು. ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ಪಕ್ಕದೂರಿನ ಸಂತೆಯಲ್ಲಿ ಬಿಟ್ಟುಬರುವುದು ಇದಾವುದಕ್ಕೂ ಪರಿಹಾರವಲ್ಲ. ಬೆಕ್ಕಿನ ಮಲ ಬಿದ್ದ ಮರಳಿನಲ್ಲಿ ಬರಿಗಾಲಲ್ಲಿ ಆಡುವ ಮಕ್ಕಳಿಗೆ ಕೊಕ್ಕೆಹುಳದ ಮರಿ ಚರ್ಮದೊಳಗೆ ಹೊಕ್ಕು ಹಾವು ಹರಿದಂಥ ಕೆಂಪು ಗೆರೆ, ವಿಪರೀತ ತುರಿಕೆ ಬರುವುದೂ ಉಂಟು. ಕರಾವಳಿಯ ಕಡೆ ಇದು ಅಪರೂಪವಲ್ಲ. ಮನೆ ಕಟ್ಟುವಾಗ ಮರಳ ರಾಶಿಗೆ ಟಾರ್ಪಾಲು ಮುಚ್ಚುವುದು ಮರಳು ಉಳಿಸಲಿಕ್ಕೆ ಮಾತ್ರವಲ್ಲ.

ತಟ್ಟೆ ಎಂಥದ್ದಿರಬೇಕು ಎಂಬಲ್ಲಿ ಅಂಗಡಿಯವರ ಮಾತಿಗಿಂತ ಬೆಕ್ಕಿನ ಉದ್ದ ಮುಖ್ಯ. ಮೂಗಿನಿಂದ ಬಾಲದ ಬುಡದವರೆಗೆ ಅಳೆದು ಅದರ ಒಂದೂವರೆ ಪಟ್ಟು ಉದ್ದದ ತಟ್ಟೆ ಇಡಬೇಕು ಎನ್ನುವುದು ಪಶುವೈದ್ಯರು ಹೇಳುವ ಲೆಕ್ಕ. 45 ಸೆಂಟಿಮೀಟರಿನ ಬೆಕ್ಕಿಗೆ 65ರಿಂದ 70 ಸೆಂಟಿಮೀಟರು. ಅಂಗಡಿಯಲ್ಲಿ ಮಾರುವ ಬಹುತೇಕ ಟ್ರೇಗಳು ಇದಕ್ಕಿಂತ ಚಿಕ್ಕವು. ನಾವು ಬಳಸುತ್ತಿರುವುದು ಹೊದಿಕೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ, ಒಂದು ಬದಿಯನ್ನು ಗರಗಸದಿಂದ ಅಂಗೈ ಎತ್ತರಕ್ಕೆ ಇಳಿಸಿ ಅಂಚನ್ನು ಉಜ್ಜಿ ನುಣುಪು ಮಾಡಿದ್ದು. ಕೀಲುನೋವಿನ ಮುದಿ ಬೆಕ್ಕಿಗೆ ಆ ತಗ್ಗಿದ ಬದಿ ಬಹಳ ಉಪಕಾರಿ. ಮುಚ್ಚಳ ಬೇಡ, ಒಳಗೆ ವಾಸನೆ ನಿಲ್ಲುತ್ತದೆ, ತಪ್ಪಿಸಿಕೊಳ್ಳಲು ಒಂದೇ ದಾರಿ ಇರುವುದರಿಂದ ಬೆಕ್ಕು ಹೆದರುತ್ತದೆ. ಒಳಗೇ ಇರುವ ಬೆಕ್ಕುಗಳಿಗೆ, ಬೆಕ್ಕುಗಳೆಷ್ಟೋ ಅದಕ್ಕಿಂತ ಒಂದು ಹೆಚ್ಚು ತಟ್ಟೆ ಇರಬೇಕೆಂಬ ನಿಯಮವಿದೆ. ತೋಟಕ್ಕೂ ಹೋಗುವ ಒಂದೆರಡು ಬೆಕ್ಕುಗಳಿಗೆ ಒಂದೇ ಸಾಕು ಎಂಬುದು ನನ್ನ ಅನುಭವ, ಎರಡಕ್ಕೂ ಹೊಂದಾಣಿಕೆ ಇದ್ದರೆ.

ತಟ್ಟೆಗೆ ಏನು ತುಂಬಬೇಕು? 1947ರವರೆಗೆ ಅಮೆರಿಕದಲ್ಲಿಯೂ ಜನ ಬೂದಿ, ಮರಳನ್ನೇ ಬಳಸುತ್ತಿದ್ದರು. ಆ ವರ್ಷ ಮಿಷಿಗನ್‌ನ ಎಡ್ ಲೋ ಎಂಬಾತ, ಬೂದಿಯ ಹೆಜ್ಜೆಗುರುತುಗಳಿಂದ ಬೇಸತ್ತ ನೆರೆಯಾಕೆಗೆ ಕಾರ್ಖಾನೆಯ ನೆಲದ ಎಣ್ಣೆ ಹೀರಲು ಮಾರುತ್ತಿದ್ದ ಜೇಡಿಮಣ್ಣಿನ ಹರಳುಗಳನ್ನು ಕೊಟ್ಟ. ಬೆಕ್ಕಿನ ಮರಳಿನ ದೊಡ್ಡ ವ್ಯಾಪಾರ ಅಲ್ಲಿಂದ ಶುರುವಾಯಿತು. ಆ ಜೇಡಿ ಬೇರೇನೂ ಅಲ್ಲ, ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಯದೇ. ಒದ್ದೆಯಾದರೆ ಉಂಡೆಗಟ್ಟುವ ಬೆಂಟೊನೈಟ್ ಮರಳು 1980ರ ದಶಕದಲ್ಲಿ ಬಂತು. ಆ ಬೆಂಟೊನೈಟ್ ಗುಜರಾತಿನ ಕಛ್ ಮತ್ತು ರಾಜಸ್ಥಾನದ ಬಾಡ್ಮೇರ್ ಕಡೆ ಹೇರಳವಾಗಿ ಸಿಗುವುದರಿಂದ ಇಂದು ನಮ್ಮ ಪೇಟೆಗಳಲ್ಲೂ ಚೀಲಗಟ್ಟಲೆ ಮಾರಾಟಕ್ಕಿದೆ. ಮೂತ್ರದ ಪ್ರಮಾಣ ಉಂಡೆಯಲ್ಲಿ ಕಾಣುವುದರಿಂದ, ಆರೋಗ್ಯದ ದೃಷ್ಟಿಯಿಂದ ನನ್ನ ಮೊದಲ ಆಯ್ಕೆ ಇದೇ. ಸುವಾಸನೆ ಬೆರೆಸಿದ್ದು ಬೇಡ. ಮಲ್ಲಿಗೆಯ ಪರಿಮಳ ನಮಗೆ ಹಿತ, ನಮಗಿಂತ ಎಷ್ಟೋ ಪಟ್ಟು ಚುರುಕಾದ ಮೂಗಿಗೆ ಹಿಂಸೆ. ಎರಡು ತಿಂಗಳೊಳಗಿನ ಮರಿಗಳಿಗೆ ಉಂಡೆಗಟ್ಟುವ ಮರಳು ಕೊಡಬಾರದು, ಅವು ಬಾಯಿಗೆ ಹಾಕಿಕೊಳ್ಳುತ್ತವೆ.

ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ದಾರಿಗಳಿವೆ. ಜರಡಿ ಹಿಡಿದ ಒಣ ಮರಳು ಬೆಕ್ಕಿಗೆ ಅತಿ ಪ್ರಿಯ, ಹೊರಲು ಭಾರ. ತಿಪಟೂರು, ಅರಸೀಕೆರೆಯ ಕಡೆ ರಾಶಿಯಾಗಿ ಸಿಗುವ ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ. ಆದರೆ ಬಿಳಿ ಬೆಕ್ಕಿನ ಪಾದ ಕಂದಾಗುತ್ತದೆ, ಬಿಳಿ ಹಾಸುಗೆಯೂ ಸಹ. ಮರದ ಮಿಲ್ಲಿನ ಹೊಟ್ಟು ಆದೀತು, ದೂಳು ಕಡಿಮೆ ಇರಬೇಕು. ಭತ್ತದ ಉಮಿ ಹಾರುತ್ತದೆ, ಹೀರುವುದೂ ಕಡಿಮೆ. ಒಲೆಯ ಬೂದಿ ಬೆಕ್ಕಿಗೆ ಇಷ್ಟವಾದರೂ ಒದ್ದೆಯಾದಾಗ ಕ್ಷಾರವಾಗಿ ಪಾದವನ್ನು ಸುಡುತ್ತದೆ, ಪಾದ ನೆಕ್ಕಿದಾಗ ನಾಲಿಗೆಯನ್ನೂ. ಆದ್ದರಿಂದ ಚುಕ್ಕಿಯ ಆಯ್ಕೆಯನ್ನು ನಾವು ಒಪ್ಪಲಿಲ್ಲ, ಬಚ್ಚಲ ಒಲೆಯ ಬಾಯಿಗೆ ತಗಡು ಅಡ್ಡ ಇಟ್ಟೆವು.

ಹೊರಗಿನ ಮಣ್ಣಿಗೆ ಒಗ್ಗಿದ ಬೆಕ್ಕಿಗೆ ತಟ್ಟೆ ಕಲಿಸಲು ಸುಲಭದ ಉಪಾಯ, ಅದು ದಿನವೂ ಹೋಗುವ ಜಾಗದ್ದೇ ಮಣ್ಣನ್ನು ತಂದು ಒಣಗಿಸಿ ತಟ್ಟೆಯಲ್ಲಿ ನಾಲ್ಕು ಬೆರಳಷ್ಟು ತುಂಬುವುದು. ಮೊದಲು ಅದನ್ನು ಹಿತ್ತಿಲ ಬಾಗಿಲ ಹೊರಗೆ ಸೂರಿನ ಕೆಳಗೆ ಇಟ್ಟು, ಬಳಸಲು ಶುರುಮಾಡಿದ ಮೇಲೆ ದಿನಕ್ಕೆ ಒಂದು ಗೇಣಿನಷ್ಟು ಒಳಗೆ ಸರಿಸಬೇಕು. ಒಳಗೆ ಸೇರಿದ ನಂತರ ಮಣ್ಣಿನ ಪಾಲು ಇಳಿಸುತ್ತ, ಹೊಸ ಮರಳಿನ ಪಾಲು ಏರಿಸುತ್ತ ಎರಡು ಮೂರು ವಾರದಲ್ಲಿ ಬದಲಾವಣೆ ಮುಗಿಸಬಹುದು. ಊಟವಾದ ಮೇಲೆ, ನಿದ್ದೆಯಿಂದ ಎದ್ದ ಮೇಲೆ ಬೆಕ್ಕು ಜಾಗ ಹುಡುಕುತ್ತದೆ. ಆ ಹೊತ್ತಿಗೆ ತಟ್ಟೆಯ ಬಳಿ ಬಿಟ್ಟರೆ ಸಾಕು. ಮುಂಗಾಲು ಹಿಡಿದು ಬಲವಂತವಾಗಿ ಕೆರೆಸುವುದು, ತಪ್ಪಿದಾಗ ಮೂಗು ತಿಕ್ಕುವುದು ಇವೆರಡರಿಂದ ಬೆಕ್ಕು ಕಲಿಯುವುದು ಒಂದೇ ಪಾಠ, ನಿಮ್ಮ ಕಣ್ಣಿಗೆ ಬೀಳದ ಜಾಗ ಹುಡುಕಬೇಕು ಎಂಬುದು. ಅನ್ನದ ಬಟ್ಟಲಿನ ಪಕ್ಕ, ಒಗೆಯುವ ಯಂತ್ರದ ಪಕ್ಕ ತಟ್ಟೆ ಇಡಬಾರದು.

ತಟ್ಟೆ ಇದ್ದೂ ಗೋಡೆಯ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ ಬಾಲ ಎತ್ತಿ ನಡುಗಿಸುತ್ತ ಮೂತ್ರ ಚಿಮುಕಿಸುವ ಬೆಕ್ಕು ಶೌಚ ಮಾಡುತ್ತಿಲ್ಲ, ಗಡಿ ಹಾಕುತ್ತಿದೆ. ಅದಕ್ಕೆ ಮದ್ದು ಬೀಜ ತೆಗೆಸುವುದು; ಹತ್ತರಲ್ಲಿ ಒಂಬತ್ತು ಗಂಡುಬೆಕ್ಕುಗಳಲ್ಲಿ ಇದರಿಂದ ಚಿಮುಕಿಸುವುದು ನಿಲ್ಲುತ್ತದೆ ಅಥವಾ ಬಹಳ ಕಡಿಮೆಯಾಗುತ್ತದೆ.

ಸ್ವಚ್ಛತೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ದೊಡ್ಡ ತಪ್ಪು ಫಿನಾಯಿಲು. ಬೆಕ್ಕಿನ ಯಕೃತ್ತಿಗೆ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬಹಳ ಕಡಿಮೆ. ಫಿನಾಯಿಲಿನಲ್ಲಿ ಒರೆಸಿದ ನೆಲದ ಮೇಲೆ ನಡೆದು, ಪಾದ ನೆಕ್ಕಿಕೊಂಡರೆ ಅದು ವಿಷವಾಗುತ್ತದೆ. ಮನುಷ್ಯರ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲುವುದೂ ಯಕೃತ್ತಿನ ಇದೇ ಕೊರತೆಯಿಂದ. ಬ್ಲೀಚಿಂಗ್ ದ್ರಾವಣವನ್ನು ಮೂತ್ರದ ಮೇಲೆ ಸುರಿದರೆ ಮೂತ್ರದ ಅಮೋನಿಯಾದೊಡನೆ ಸೇರಿ ಕಣ್ಣು ಗಂಟಲು ಉರಿಸುವ ಅನಿಲ ಏಳುತ್ತದೆ. ತಟ್ಟೆಗೆ ಪಾತ್ರೆ ತೊಳೆಯುವ ಸೋಪು, ಕುದಿಯುವ ನೀರು, ಬಿಸಿಲು ಸಾಕು. ದಿನಕ್ಕೆ ಒಮ್ಮೆಯಾದರೂ ಉಂಡೆ ತೆಗೆದು, ಕಾಗದದಲ್ಲಿ ಸುತ್ತಿ, ಡಯಾಪರಿನಂಥ ಕಸದ ಜೊತೆ ಕೊಡಬೇಕು. ಶೌಚದ ಗುಂಡಿಗೆ ಸುರಿದರೆ ಜೇಡಿ ಕೊಳವೆಯನ್ನು ಕಟ್ಟುತ್ತದೆ, ತರಕಾರಿಗೆ ಹಾಕುವ ಗೊಬ್ಬರದ ಗುಂಡಿಗೆ ಹಾಕಿದರೆ ಮೇಲೆ ಹೇಳಿದ ಕೋಶಗಳು ಸೊಪ್ಪಿನ ಮೂಲಕ ಮನೆಗೇ ಹಿಂತಿರುಗುತ್ತವೆ. ಈ ಕೆಲಸ ದಿನವೂ ಮಾಡುವವರು ಯಾರು ಎಂಬ ಪ್ರಶ್ನೆ ಬೆಕ್ಕಿಗೆ ಗಂಟೆ ಕಟ್ಟುವ ಪ್ರಶ್ನೆಗಿಂತ ಕಷ್ಟದ್ದು. ನಮ್ಮ ಮನೆಯಲ್ಲಿ ಮೊದಲು ಕಾಫಿ ಕುಡಿದು ಮುಗಿಸಿದವರ ಪಾಲಿಗೆ ಬರುತ್ತದೆ.

ಎಲ್ಲ ಬೆಕ್ಕಿಗೂ ಒಳಗೇ ತಟ್ಟೆ ಬೇಕೆಂದು ನಾನು ಹೇಳುತ್ತಿಲ್ಲ. ಕೊಟ್ಟಿಗೆಯಲ್ಲೋ ಗೋದಾಮಿನಲ್ಲೋ ಇದ್ದುಕೊಂಡು ಮನುಷ್ಯರ ಕೈಗೆ ಸಿಗದ ಬೆಕ್ಕು ಮನೆಯೊಳಗಿನ ತಟ್ಟೆಗೆ ಬರುವುದೂ ಇಲ್ಲ. ಅಂಥದ್ದಕ್ಕೆ ಸೂರಿನ ಕೆಳಗೆ, ಮಳೆಯ ಇರಚಲು ತಾಗದ ಕಡೆ, ಎರಡಡಿ ಉದ್ದಗಲದ ಗುಂಡಿ ತೋಡಿ ತಳಕ್ಕೆ ಜಲ್ಲಿ, ಮೇಲೆ ಗೇಣುದ್ದ ಮರಳು ತುಂಬಿಟ್ಟರೆ ಅದು ಸೊಪ್ಪಿನ ಮಡಿ ಬಿಟ್ಟು ಅಲ್ಲಿಗೇ ಹೋಗುತ್ತದೆ. ಮನೆಯ ಬೆಕ್ಕಿಗೆ ತಟ್ಟೆ ಇಟ್ಟರೆ ಸೋಮಾರಿಯಾಗುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಚುಕ್ಕಿ ಎಷ್ಟೋ ಸಲ ತೋಟದ ನಡುವಿನಿಂದ ಓಡಿಬಂದು, ಬಾಗಿಲು ಕೆರೆದು ತೆಗೆಸಿ, ತಟ್ಟೆಯಲ್ಲಿ ಕೆಲಸ ಮುಗಿಸಿ, ಮತ್ತೆ ಬಾಗಿಲು ತೆಗೆಸಿ ತೋಟಕ್ಕೆ ಹೋಗಿದೆ.

ಮಳೆ ನಿಂತ ಮೇಲೆ, ದೀಪಾವಳಿಯ ಪಟಾಕಿಯ ದಿನಗಳು ಕಳೆದರೆ, ತಟ್ಟೆ ಹೆಚ್ಚಾಗಿ ಒಣಗಿಯೇ ಇರುತ್ತದೆ. ಆಗಲೂ ನಾವು ಅದನ್ನು ತೆಗೆದಿಡುವುದಿಲ್ಲ. ತಿಂಗಳಿಗೊಮ್ಮೆ ಮರಳು ಬದಲಿಸಿ ಅದೇ ಮೂಲೆಯಲ್ಲಿ ಬಿಡುತ್ತೇವೆ. ಕಳೆದ ಮಾಘದಲ್ಲಿ, ಹೊರಗೆ ಒಣಮಣ್ಣು ಬೇಕಾದಷ್ಟು ಇದ್ದಾಗ, ನಾಲ್ಕು ದಿನ ಸತತವಾಗಿ ತಟ್ಟೆ ಒದ್ದೆಯಾಗಿತ್ತು. ಉಂಡೆಗಳ ಗಾತ್ರ ಸರಿಯಾಗಿತ್ತು, ಎಣಿಕೆ ಸರಿಯಾಗಿತ್ತು, ಬೆಕ್ಕು ಚೆನ್ನಾಗಿ ತಿನ್ನುತ್ತಿತ್ತು. ಐದನೆಯ ದಿನ ಬೆಳಿಗ್ಗೆ ಹಿತ್ತಿಲಿಗೆ ಹೋಗಿ ಅದು ದಿನವೂ ಕೆರೆಯುತ್ತಿದ್ದ ಬಾಳೆಬುಡ ನೋಡಿದೆವು. ಅಲ್ಲಿ ಗೂಳಿಯಂಥ ಕುತ್ತಿಗೆಯ, ಒಂದು ಕಿವಿ ಹರಿದ ಕಂದು ಬಣ್ಣದ ಗಂಡುಬೆಕ್ಕೊಂದು ಬಿಸಿಲು ಕಾಯಿಸುತ್ತ ಮಲಗಿತ್ತು.